ದೆಚೆಂವಿರ್ ಮಹಾಶಯ

ಮಗಳನ್ನು ಸ್ಪೆಲ್ಲಿಂಗ್ ಸ್ಪರ್ಧೆಯಲ್ಲಿ ಗೆಲ್ಲಿಸದಿದ್ದರೆ ನನ್ನ ಹೆಸರು ಕ್ಲಾರೆನ್ಸ್ ಅಲ್ಲ! ೨೦೧೪ರಲ್ಲಿ, ಶಾರ್ಜಾದ ಅಲ್ ನಹ್ದಾದಲ್ಲಿದ್ದ ನಮ್ಮ ಒಂದೇ ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನಾನು ಹೀಗೆ ಘೋಷಿಸಿದೆ. ಆಫೀಸಿನಲ್ಲಿ ನಾನು ಫೈಲಿಗೆ ತೂತು ಹೊಡೆಯುವ ಗುಮಾಸ್ತನೇ ಇರಬಹುದು. ಆದರೆ ಪಾದ್ರಿಯಾಗಲು ಹೊರಟು ಎರಡು ವರ್ಷ ಸೆಮಿನರಿಯಲ್ಲಿ ಲ್ಯಾಟಿನ್ ಅರೆದು ಕುಡಿದವನು ನಾನು! ಶಾರ್ಜಾದಿಂದ ಅಬುಧಾಬಿಯವರೆಗೆ ನನ್ನಂಥ ಪಂಡಿತ ಇನ್ನೊಬ್ಬನಿಲ್ಲ.

"ನೀವು ಅಲ್ಲಿ ಪಾಸಾಗಿದ್ರೆ ನಾನು ಬಚಾವಾಗ್ತಿದ್ದೆ ಮಾರಾಯ್ರೆ!" ಎಂದಳು ಹೆಂಡತಿ ಸೆವ್ರಿನ್.

ಮಗಳು ಆನ್ ಮರಿಯಾ ಏಳನೇ ಕ್ಲಾಸು. ಸ್ಟೇಜ್ ಕಂಡರೆ ಬೆವರುವ ಹುಡುಗಿ. ನಾಲ್ಕು ತಿಂಗಳು ಒಬ್ಬಳೇ ಡಿಕ್ಷನರಿ ಓದಿ ಫೈನಲ್ ಮುಟ್ಟಿದ್ದಳು. ಎಂದೂ ಏನನ್ನೂ ಬೇಡದವಳಿಗೆ ಆ ಟ್ರೋಫಿ ಬೇಕಿತ್ತು.

ಫೈನಲ್‌ನ ಹಿಂದಿನ ದಿನ ಒಂದು ಪದ ತೋರಿಸಿ, "ಡ್ಯಾಡಾ, ಹೌ ಡು ಯು ಸೇ ದಿಸ್?" ಎಂದಳು.

"ದೆಚೆಂವಿರ್!" ಇಗರ್ಜಿಯ ರಾಗದಲ್ಲಿ ಹಾಡಿದೆ. "ರೋಮ್ ಆಳಿದ ಹತ್ತು ಮಂದಿಯ ಮಂಡಳಿಯ ಸದಸ್ಯ! ಡಿ, ಇ, ಸಿ, ಇ, ಎಂ, ವಿ, ಐ, ಆರ್!"

"ಟೀಚರ್ ಬೇರೆ ಥರ ಹೇಳಿದ್ರು."

"ಟೀಚರಿಗೆ ಲ್ಯಾಟಿನ್ ಮಾಫಿ, ಒಂದಕ್ಷರವೂ ಇಲ್ಲ!"

ಫೈನಲ್‌ನಲ್ಲಿ ಉಳಿದವರು ಇಬ್ಬರೇ. ಮಗಳ ಸರದಿ ಬಂತು. ತೀರ್ಪುಗಾರ್ತಿ ಹೇಳಿದ ಪದ, "ಡಿಸೆಂವರ್."

ಅದೇ ಪದ! ಆದರೆ ನಾನು ಕಲಿಸಿದ ರಾಗ ಎಲ್ಲಿ, ಇದು ಎಲ್ಲಿ? ಮಗು ಡಿಸೆಂಬರ್ ಎಂದುಕೊಂಡರೆ?

ಅವಳು ಶಾಂತವಾಗಿ ಅರ್ಥ ಕೇಳಿದಳು. ಅವರು ಹೇಳಿದರು. ಅವಳು ಕಣ್ಣು ಮುಚ್ಚಿದಳು. ಒಂದು ಸೆಕೆಂಡು, ಎರಡು, ಮೂರು. ನನ್ನೊಳಗಿನ ಪಂಡಿತ ಎದ್ದು ನಿಂತ!

"ದೆಚೆಂವಿರ್ ಮಗಾ! ನಿನ್ನೆ ಹೇಳಿದ್ದೆನಲ್ಲ! ಡಿ, ಇ, ಸಿ..."

ಟಣ್! ಸಭೆಯಿಂದ ಸಹಾಯ ಬಂದದ್ದರಿಂದ ಸ್ಪರ್ಧಿ ಹೊರಗೆ. ಖಲಾಸ್!

ಟ್ಯಾಕ್ಸಿಯಲ್ಲಿ ಮಗಳು ಕಿಟಕಿ ಕಡೆ ಮುಖ ಮಾಡಿಯೇ ಹೇಳಿದಳು, "ಐ ನ್ಯೂ ಇಟ್, ಡ್ಯಾಡಾ. ಐ ವಾಸ್ ಜಸ್ಟ್ ಬ್ರೀದಿಂಗ್."

"ರೋಮ್ ಹಾಳು ಮಾಡ್ಲಿಕ್ಕೆ ಹತ್ತು ಮಂದಿ ಬೇಕಾಯ್ತು," ಎಂದಳು ಸೆವ್ರಿನ್. "ನಮ್ಮ ಮನೆಗೆ ನೀವೊಬ್ರೇ ಸಾಕು."

ನಾಚಿಕೆಯಿಂದ ಸತ್ತು ಹೋಗಿದ್ದೆ.

ಮರುವರ್ಷ ಅವಳು ಮತ್ತೆ ಹೆಸರು ಕೊಟ್ಟಳು. ಈ ಸಲ ಪದಗಳನ್ನು ಒಪ್ಪಿಸಿದ್ದು ಅಮ್ಮನಿಗೆ. ಅಮ್ಮ ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಕನ್ನಡ ಮೀಡಿಯಂ! ಒಂದು ದಿನ ನಾನು ಬೆಡ್‌ರೂಮಿನ ಬಾಗಿಲಲ್ಲಿ ಸುಮ್ಮನೆ, ದೇವರಾಣೆ ಸುಮ್ಮನೆ, ನಿಂತಿದ್ದೆ. ಮಗಳು ಎದ್ದು ಬಂದಳು.

"ಸಾರಿ ಡ್ಯಾಡಾ. ನೋ ಆಡಿಯೆನ್ಸ್," ಎಂದು ಮೆಲ್ಲಗೆ ಬಾಗಿಲು ಹಾಕಿಕೊಂಡಳು.