ಆದಿತ್ಯವಾರ ಮಳೆ ಬಾರದ ಕೊಟ್ಟಾರ

ಗ್ರೆಗರಿ: ಜೂನ್ ತಿಂಗಳಲ್ಲಿ ಕೊಟ್ಟಾರದಲ್ಲಿ ಎರಡು ಡಿಗ್ರಿಯಾ? ನಿನ್ನ ಕಂಪ್ಯೂಟರಿಗೆ ಎಂತ ಆಗಿದೆ?

ಶರೊನ್: ಸ್ವಲ್ಪ ನಿಲ್ಲಿ ಡ್ಯಾಡಿ. ಅಕ್ಷಾಂಶ ರೇಖಾಂಶ ಅದಲುಬದಲು ಬರೆದಿದ್ದೇನೆ. ಇದು ನಾರ್ವೆಯಿಂದ ಆಚೆ ಸಮುದ್ರದ ಹವೆ.

ಲೂರ್ಡ್ಸ್: ಅಲ್ಲಿ ಬಂಗುಡೆ ಮೀನು ಸಿಗ್ತದಾ ಅಂತ ಸಹ ನೋಡು.

ನಿವೃತ್ತ ಮೇಷ್ಟ್ರು ಗ್ರೆಗರಿ ಟೆರೇಸಿನಲ್ಲಿ ಮಳೆ ಅಳೆಯುವ ಡಬ್ಬ ಇಟ್ಟು ಇಪ್ಪತ್ತೆರಡು ವರ್ಷ. ದಿನವೂ ಬೆಳಿಗ್ಗೆ ಎಂಟೂವರೆಗೆ ನೋಡಿ, ಪುಸ್ತಕದಲ್ಲಿ ಬರೆದು, ನೀರು ಚೆಲ್ಲಿ ಇಳಿಯುತ್ತಾರೆ. ಅವರ ಮತ್ತು ಹೆಂಡತಿ ಲೂರ್ಡ್ಸ್‌ರ ಮಗಳು ಶರೊನ್ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯಬಹುದಾದ ಹವಾಮಾನದ ಅಂಕಿ ಅಂಶಗಳನ್ನು ‘ಆರ್’ ಎಂಬ ತಂತ್ರಾಂಶದ ಮೂಲಕ ತರಿಸಿ, ಅಪ್ಪನ ಪುಸ್ತಕದ ಪಕ್ಕಕ್ಕಿಟ್ಟು ನೋಡುವುದು ಅವಳ ಪ್ರಾಜೆಕ್ಟು. ಎರಡೂ ಹೊಂದಿದರೆ ಮೊದಲ ಪುಟದಲ್ಲೇ ಅಪ್ಪನ ಹೆಸರು. ಇದನ್ನು ಗ್ರೆಗರಿ ಆಗಲೇ ಅರ್ಧ ಇಗರ್ಜಿಗೆ ಹೇಳಿ ಬಂದಿದ್ದರು.

ಶರೊನ್ ಎರಡು ಸಂಖ್ಯೆಗಳನ್ನು ತಿದ್ದಿ ಮತ್ತೆ ಒತ್ತಿದಳು. ಪರದೆಯ ಮೇಲೆ ಕೊಟ್ಟಾರದ ಮಳೆ ಗೆರೆಗೆರೆಯಾಗಿ ಇಳಿಯಿತು.

ಶರೊನ್: ಡ್ಯಾಡಿ, ಕೊಟ್ಟಾರದಲ್ಲಿ ಆದಿತ್ಯವಾರ ಮಳೆ ಬರುದಿಲ್ವಾ?

ಗ್ರೆಗರಿ: ಬರದೆ ಎಂತ?

ಶರೊನ್: ನಿಮ್ಮ ಪುಸ್ತಕದಲ್ಲಿ ಇಪ್ಪತ್ತೆರಡು ವರ್ಷದ ಆದಿತ್ಯವಾರ ಹೆಚ್ಚುಕಡಿಮೆ ಪೂರ್ತಿ ಸೊನ್ನೆ. ಸೋಮವಾರ ಡಬಲ್.

ಲೂರ್ಡ್ಸ್: ಆ ದಿನ ಇವರಿಗೆ ಏಳೂವರೆಯ ಪೂಜೆ. ಮತ್ತೆ ದೋಸ್ತಿ ವಿಲ್ಸನ್‌ನ ಒಟ್ಟಿಗೆ ಇಗರ್ಜಿಯ ಮೆಟ್ಟಿಲಲ್ಲಿ ಲೋಕದ ವಿಚಾರ. ಮನೆ ಮುಟ್ಟುವಾಗ ಹತ್ತೂವರೆ.

ಶರೊನ್: ಹಾಗಾದ್ರೆ ಜಾಗ ಖಾಲಿ ಬಿಡ್ಬೇಕಿತ್ತು. ಸೊನ್ನೆ ಯಾಕೆ ಹಾಕಿದ್ದು?

ಗ್ರೆಗರಿ: ಮೂವತ್ತು ವರ್ಷ ಮೇಷ್ಟ್ರಾಗಿದ್ದವ ನಾನು. ಪರೀಕ್ಷೆಗೆ ಗೈರುಹಾಜರಾದ್ರೆ ಸೊನ್ನೆಯೇ ಅಲ್ವಾ ಹಾಕುದು?

ಲೂರ್ಡ್ಸ್: ಗೈರುಹಾಜರಾದದ್ದು ನೀವು ಮಾರಾಯ್ರೆ! ಸೊನ್ನೆ ಮಳೆಗಾ?

ಗ್ರೆಗರಿ ಕನ್ನಡಕ ತೆಗೆದು ಒರೆಸಿದರು. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಗ್ರೆಗರಿ: ಅಂದ್ರೆ... ಪುಸ್ತಕ ಪ್ರಯೋಜನ ಇಲ್ವಾ?

ಶರೊನ್: ಹೀಗೆ ಇದ್ರೆ ನನ್ನ ಗೈಡ್ ಸುಹೈಬ್ ಸರ್ ಒಪ್ಪುದಿಲ್ಲ ಡ್ಯಾಡಿ. ನಾಳೆಯೇ ತೋರಿಸ್ಲಿಕ್ಕೆ ಉಂಟು.

ಗ್ರೆಗರಿ: ಒಂದು ವರ್ಷವಾದ್ರೂ ಸರಿ ಇಲ್ವಾ? ನೋಡು ಮಗಾ, ಸರಿಯಾಗಿ ನೋಡು.

ಶರೊನ್ ಪರದೆಯನ್ನು ಮೇಲೆ ಕೆಳಗೆ ಸರಿಸಿದಳು. ಒಂದು ಕಡೆ ನಿಲ್ಲಿಸಿದಳು.

ಶರೊನ್: ಅಯ್ಯೋ, ಇಲ್ಲಿ ಉಂಟು! ಎರಡು ಸಾವಿರದ ಹದಿನೇಳು, ಜೂನ್, ಜುಲೈ. ಒಂದು ಆದಿತ್ಯವಾರ ಸಹ ತಪ್ಪಲಿಲ್ಲ. ಎರಡೂ ಗೆರೆ ಒಟ್ಟೊಟ್ಟಿಗೆ ಹೋಗ್ತದೆ.

ಗ್ರೆಗರಿ (ಎದ್ದು ನಿಂತು): ನಾನು ಹೇಳ್ಲಿಲ್ವಾ? ಮನಸ್ಸಿಟ್ಟು ಬರೆದ್ರೆ ಹೀಗೆ! ಲೂರ್ಡ್ಸ್, ಇಲ್ಲಿ ಬಂದು ನೋಡು, ಇದು ಶಿಸ್ತು ಅಂದ್ರೆ.

ಲೂರ್ಡ್ಸ್: ಆ ಜೂನಿನಲ್ಲಿ ನೀವು ದೋಹಾದಲ್ಲಿ ಇದ್ರಿ. ಮಗ ರಾಯ್‌ಸ್ಟನ್‌ನ ಮಗುವನ್ನು ನೋಡ್ಲಿಕ್ಕೆ ಹೋದವರು ಜುಲೈ ಕಳೆದು ಬಂದದ್ದು.

ಗ್ರೆಗರಿ ನಿಧಾನವಾಗಿ ಕೂತರು.

ಗ್ರೆಗರಿ: ಅದು... ಬರಿ ಅಂತ ನಾನೇ ನಿನಗೆ ಹೇಳಿ ಹೋದದ್ದಲ್ವಾ?

ಲೂರ್ಡ್ಸ್: ನೀವು ಹೇಳಿ ಹೋದದ್ದು ಗಿಡಗಳಿಗೆ ನೀರು ಹಾಕು ಅಂತ. ಜೂನಿನಲ್ಲಿ! ನಾನು ಕೊಡೆ ಹಿಡ್ಕೊಂಡು ಟೆರೇಸಿಗೆ ಹೋಗಿ ಗಿಡ ನೋಡಿದೆ, ಡಬ್ಬ ನೋಡಿದೆ. ಗಿಡಕ್ಕೆ ನನ್ನ ಅಗತ್ಯ ಇರ್ಲಿಲ್ಲ.

ಶರೊನ್: ಮತ್ತೆ ಡ್ಯಾಡಿ ಬಂದು ಎಂತ ಹೇಳಿದ್ರು?

ಲೂರ್ಡ್ಸ್: ಎಂತದೂ ಇಲ್ಲ. ಪುಸ್ತಕ ತೆಗೆದು, ನನ್ನ ಕೊನೆಯ ಸಾಲಿನ ಕೆಳಗೆ ಮುಂದಿನ ತಾರೀಕು ಹಾಕಿದ್ರು.

ಲೂರ್ಡ್ಸ್ ಕೈ ಒರೆಸಿಕೊಂಡು ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬದ ಹಿಂದಿನಿಂದ ಹಳೆಯ ಕ್ಯಾಲೆಂಡರುಗಳ ಸುರುಳಿಯೊಂದನ್ನು ತಂದು ಮೇಜಿನ ಮೇಲಿಟ್ಟರು. ಬಿಡಿಸಿದರೆ, ಪ್ರತಿ ಆದಿತ್ಯವಾರದ ಕೆಂಪು ಅಂಕೆಯ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಪುಟ್ಟ ಅಂಕೆ.

ಶರೊನ್: ಮಮ್ಮಿ! ಇದೆಲ್ಲ ಮಳೆಯಾ?

ಲೂರ್ಡ್ಸ್: ನನ್ನದು ಆರು ಗಂಟೆಯ ಪೂಜೆ. ಬಂದವಳು ಎಂಟೂವರೆಗೆ ಮೇಲೆ ಶೀಟಿನಡಿ ಬಟ್ಟೆ ಒಣಹಾಕ್ಲಿಕ್ಕೆ ಹೋಗ್ತೇನೆ. ಅವರು ದೋಹಾದಿಂದ ಬಂದ ಮೇಲೆಯೂ ಆದಿತ್ಯವಾರ ನೋಡಿ ಬರೀತಿದ್ದೆ. ನೀರು ಚೆಲ್ಲಲಿಲ್ಲ. ಡಬ್ಬ ಅವರದ್ದಲ್ವಾ?

ಶರೊನ್ ಬೆರಳಲ್ಲಿ ಲೆಕ್ಕ ಹಾಕಿದಳು.

ಶರೊನ್: ಹದಿನೇಳರಿಂದ ಈಚೆಗೆ ಮಾತ್ರ ತೆಗೊಳ್ತೇನೆ. ಸೋಮವಾರದ ಎರಡು ದಿನದ ನೀರಲ್ಲಿ ಇದನ್ನು ಕಳೆದ್ರೆ ಎಲ್ಲ ಸರಿ. ಡ್ಯಾಡಿ, ಪ್ರಾಜೆಕ್ಟು ಉಳೀತು!

ಗ್ರೆಗರಿ ಕ್ಯಾಲೆಂಡರಿನ ಒಂದೊಂದೇ ಕೆಂಪು ಅಂಕೆಯ ಮೇಲೆ ಬೆರಳು ಇಡುತ್ತಾ ಹೋದರು, ಹಸಿ ಶಾಯಿಯನ್ನು ಮುಟ್ಟುವವರ ಹಾಗೆ.

ಗ್ರೆಗರಿ: ಮೊದಲ ಪುಟದಲ್ಲಿ ಮಮ್ಮಿಯ ಹೆಸರು ಮೇಲೆ ಹಾಕು. ನನ್ನದು ಕೆಳಗೆ ಇರಲಿ... ಅಲ್ಲ ಲೂರ್ಡ್ಸ್, ಇಷ್ಟು ವರ್ಷ ಒಂದು ಮಾತು ಹೇಳ್ಬಾರದಿತ್ತಾ?

ಲೂರ್ಡ್ಸ್: ನೀವು ಕೇಳಿದ್ರಲ್ವಾ ಹೇಳುದು? ಮಳೆಗಾಲದಲ್ಲಿ ನೀವು ನನ್ನ ಹತ್ರ ಕೇಳುದು ಒಂದೇ: “ನನ್ನ ಕೊಡೆ ಎಲ್ಲಿ?”