ಡಿಫೆಂಡರ್ ತಡೆಯಲಾಗದ ಮಂದಿ

ದೇಶದ ಫುಟ್‌ಬಾಲ್ ತಂಡದಲ್ಲಿ ತಲೆಗೂದಲು ನರೆಯುವವರೆಗೂ ಡಿಫೆಂಡರ್ ಆಗಿದ್ದೆ. ಎದುರಾಳಿ ಗೋಲಿನತ್ತ ಬಂದರೆ ತಡೆಯುವುದಷ್ಟೇ ನನ್ನ ಕೆಲಸ. ಮೈದಾನದಲ್ಲಿ ಹೇಗೋ ಮರ್ಯಾದೆ ಉಳಿಯುತ್ತಿತ್ತು. ಊರ ಕಡೆ ಬಂದರೆ ಸಾಕು, ಏನಾದರೊಂದು ಫಜೀತಿ ಕಾದೇ ಇರುತ್ತಿತ್ತು. ಬೆಟಗೇರಿಯ ನಮ್ಮ ಓಣಿಯವರೆಲ್ಲ ಟಿವಿಯಲ್ಲಿ ನನ್ನ ಆಟ ನೋಡಿದ್ದರು, ಅವ್ವನೊಬ್ಬಳನ್ನು ಬಿಟ್ಟು. "ನೀ ಬೀಳೂದು ನೋಡಾಕ ನನ್ನ ಕೈಲೆ ಆಗೂದಿಲ್ಲಪ್ಪಾ" ಎನ್ನುತ್ತಿದ್ದಳು. ಒಮ್ಮೆಯಾದರೂ ಅವಳು ನೋಡಿ ಬೆನ್ನು ತಟ್ಟಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ಮುಂಡರಗಿಯ ಸನ್ಮಾನ

ಅಲ್ಲಿಯ ಶಾಲೆಯೊಂದರಲ್ಲಿ ಶಾಲು ಹೊದಿಸಿ, ಹಾರ ಹಾಕಿ ಕೂರಿಸಿದರು. ಪರಿಚಯ ಮಾಡಬೇಕಿದ್ದ ಮಾಸ್ತರರು ಕಿವಿಯಲ್ಲಿ ಕೇಳಿದರು: "ಎಷ್ಟು ಗೋಲು ಹೊಡದೀರಿ?"

"ಒಂದೂ ಇಲ್ಲರಿ. ನಾ ತಡಿಯಾಂವ."

"ಹಂಗಾರ ಗೋಲ್‌ಕೀಪರ್ ಅನ್ನಲೇನ್ರಿ?"

"ಅಲ್ಲರಿ, ಅವನ ಮುಂದ ನಿಲ್ಲಾಂವ."

ಮಾಸ್ತರರು ತುಸು ಯೋಚಿಸಿ ಮೈಕ್ ಹಿಡಿದರು. "ಇವರು ಗೋಲು ಹೊಡಿಯೂದಿಲ್ಲ, ಹಿಡಿಯೂದೂ ಇಲ್ಲ. ಆದ್ರೂ ನಮ್ಮವರು. ಜೋರಾಗಿ ಚಪ್ಪಾಳಿ ತಟ್ರಿ."

ಬೆಳ್ಳಟ್ಟಿಯ ಮದುವೆ

ಸೋದರಮಾವನ ಮಗಳ ಮದುವೆ. ವಧೂವರರ ಮೇಲೆ ಅಕ್ಕಿಕಾಳು ಬೀಳುವ ಮೊದಲೇ ಮಂದಿ ಊಟಕ್ಕೆ ನುಗ್ಗುತ್ತಾರೆಂದು ಮಾವ ನನ್ನನ್ನು ಊಟದ ಮನೆಯ ಬಾಗಿಲಿಗೆ ನಿಲ್ಲಿಸಿದ. "ಪರದೇಶದವರನ್ನ ತಡಿಯಾಂವ ನೀನು, ಇವರೇನ್ ಲೆಕ್ಕ?"

ಕೋಲೂರಿಕೊಂಡು ಒಬ್ಬ ಅಜ್ಜಿ ಬಂದಳು. "ಶುಗರ್ ಐತಿ ತಮ್ಮಾ, ಹೊತ್ತಿಗೆ ಸರಿ ಉಣಬೇಕು." ಬಿಟ್ಟೆ. ಅವಳ ಕೈ ಹಿಡಿಯಲು ಸೊಸೆ, ಸೊಸೆಯ ಬೆನ್ನಿಗೆ ಅಕ್ಕತಂಗಿಯರು, ಅವರ ಮಕ್ಕಳು, ಕೊನೆಗೆ ಬ್ಯಾಂಡಿನವರೂ ಒಳಗಾದರು. ಮಾವ ಓಡಿ ಬಂದು, ತುಂಬಿದ ಪಂಕ್ತಿ ನೋಡಿ ತಲೆ ಹಿಡಿದುಕೊಂಡ. "ಇವನ್ನ ನಂಬಿ ದೇಶ ಕುಂತೈತಲ್ಲೋ ಶಿವನ."

ಅವ್ವ ನೋಡಿದ ಆಟ

ನನ್ನ ಕೊನೆಯ ಪಂದ್ಯಕ್ಕೆ ಅವ್ವನನ್ನು ಕಾಡಿ ಬೇಡಿ ಕರೆದೊಯ್ದೆ. ಅಂದು ಜೀವ ಪಣಕ್ಕಿಟ್ಟು ಆಡಿದೆ. ಎದುರಾಳಿಗಳ ಸ್ಟ್ರೈಕರ್‌ಗೆ ಒಂದು ಗೋಲೂ ಸಿಗಲಿಲ್ಲ, ನಾವೇ ಗೆದ್ದೆವು. ಓಡಿಹೋಗಿ ನೋಡಿದರೆ ಅವ್ವ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಬೆನ್ನು ತಟ್ಟಲೆಂದು ತುಸು ಬಾಗಿ ನಿಂತೆ.

"ಅಲ್ಲೋ," ಎಂದಳು, "ಸಮುದ್ರ ದಾಟಿ ಬಂದಾರ. ಒಂದರೆ ಗೋಲು ಹೊಡ್ಕೊಳ್ಲಿ ಅಂತ ಬಿಡಾಕ ಆಗಲಿಲ್ಲೇನು? ಬಂದವರನ್ನ ಬರಿಗೈಲೆ ಕಳಸೂ ಮಂದಿ ಏನು ನಾವು?"

"ಅವ್ವಾ, ಅದ ನನ್ನ ಕೆಲಸ."

ಕೇಳಬೇಕಲ್ಲ. ಮೈದಾನದಂಚಿಗೆ ಕುಗ್ಗಿ ಕೂತಿದ್ದ ಆ ಸ್ಟ್ರೈಕರ್ ಬಳಿ ಹೋದಳು. ನನಗೆಂದು ತಂದಿದ್ದ ಡಬ್ಬಿ ಬಿಚ್ಚಿ ಅವನ ಕೈಗೆ ಶೇಂಗಾ ಹೋಳಿಗೆ ಇಟ್ಟಳು. ಅವನು ನನ್ನ ಮುಖ ನೋಡಿದ. ತಿನ್ನು ಎಂದು ಸನ್ನೆ ಮಾಡಿದೆ. ತಿಂದ. ಸಾಕೆಂದು ಅಂಗೈ ಅಡ್ಡ ಹಿಡಿದರೆ ಅದರ ಮೇಲೇ ಇನ್ನೊಂದು ಬಿತ್ತು. ಆಮೇಲೆ ಅವ್ವ ಅವನ ಬೆನ್ನು ತಟ್ಟಿ, "ಚೊಲೊ ಆಡಿದಿ ಮಗನ" ಎಂದಳು.

ಇಷ್ಟು ವರ್ಷ ನಾನು ಕಾದಿದ್ದ ಮಾತು ಅದು. ನನ್ನ ಸರದಿಗಾಗಿ ಬೆವರು ಸುರಿಸುತ್ತ ಅಲ್ಲೇ ನಿಂತೆ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿ, ಮೆಲ್ಲಗೆ ಅಂದಳು: "ಒಂಚೂರು ಸರಿಯಪ್ಪಾ. ಈಗರೆ ಅವಗ ಅಡ್ಡ ನಿಂದರಬ್ಯಾಡ, ಗಾಳಿ ಬರ್ಲಿ."