ಬಿಸ್ಕೀಟ್ ಡಬ್ಬಿಯ ನೀರು, ಬೆಂಕಿ

ಅಂಗಡಿ ಇಟ್ಟವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಶಟರ್ ಎತ್ತಿದರೆ ಸಾಕು, ನಗೆ ತಾನೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಕೆಲವು ಸಲ ಚಪ್ಪಲಿ ಸಮೇತ ಬರುತ್ತದೆ.

ನಮ್ಮದು ಭಾಲ್ಕಿ ಕಡೆಯ ಮನೆತನ. ಅಂಗಡಿ ನಾಸಿಕದಲ್ಲಿ, ಸಾತಪುರದ ಕಾರ್ಖಾನೆಗಳಿಗೆ ಹೋಗುವ ರಸ್ತೆಯ ಮೇಲೆ. ನೋಟ್‌ಬುಕ್ಕು, ಪೆನ್ನು, ರಾಖಿ, ಆಟಿಕೆ ಮಾರುತ್ತೇನೆ. ಮಗಳು ಕಾಲೇಜಿಗೆ ಹೋಗುತ್ತಿದ್ದಾಗ ಹಟ ಹಿಡಿದು ಒಂದು ಕಾರ್ಡಿನಾಟದ ಪ್ಯಾಕೆಟ್ಟುಗಳನ್ನು ತರಿಸಿದಳು. ಇಸ್ಪೀಟಲ್ಲ; ಡ್ರ್ಯಾಗನ್ನು, ಹಾವು, ರೆಕ್ಕೆಯ ಹುಲಿ ಇರುವ ಹೊಳೆಯುವ ಕಾರ್ಡುಗಳು. ಆಡುವವರು ತಮ್ಮ ಕಟ್ಟನ್ನು ತಾವೇ ಜೋಡಿಸಿಕೊಳ್ಳಬೇಕು. ಡ್ರ್ಯಾಗನ್ ಎದುರಿನವನ ಕಾರ್ಡನ್ನು ಹೊಡೆಯಬೇಕಾದರೆ ಅದರ ಮುಂದೆ ಬೆಂಕಿಯ ಸಾದಾ ಕಾರ್ಡು ಇಡಬೇಕು. ಹಾವಿಗೆ ನೀರಿನದು, ಹುಲಿಗೆ ಎಲೆಯದು. ಅವಿಲ್ಲದಿದ್ದರೆ ಡ್ರ್ಯಾಗನ್ನು ಗೋಡೆಯ ಮೇಲಿನ ಕ್ಯಾಲೆಂಡರಿದ್ದಂತೆ, ನೋಡಿಕೊಂಡು ಕೂಡಬೇಕು. ಹೊಳೆಯುವ ಕಾರ್ಡು ಉಪ್ಪಿನಕಾಯಿ, ಸಾದಾ ಕಾರ್ಡು ಜೋಳದ ಹಿಟ್ಟು. ಊರವರೆಲ್ಲ ಉಪ್ಪಿನಕಾಯಿ ಕೂಡಿಸಿದರು; ರೊಟ್ಟಿ ಬಡಿಯಲು ಕೂತಾಗ ಹಿಟ್ಟಿಲ್ಲ.

ಮಗಳ ಹತ್ತಿರ ಬುಟ್ಟಿ ತುಂಬ ಹಾವು, ನೀರು ಮಾತ್ರ ಇಲ್ಲ. ತನ್ನದೊಂದು ನೀರಿನ ಕಟ್ಟು ಪೂರಾ ಆಗಬೇಕು ಅನ್ನುವುದೊಂದೇ ಅವಳ ಜಪ.

ಘಂಟಾಗಾಡಿಯ ಹಿಂದೆ

ಗಿರಾಕಿಗಳು ಕೌಂಟರ್ ಮುಂದೆಯೇ ಪ್ಯಾಕೆಟ್ ಹರಿದು, ಹೊಳೆಯುವುದನ್ನು ಜೇಬಿಗಿಟ್ಟು, ಸಾದಾ ಕಾರ್ಡನ್ನು ನೆಲಕ್ಕೆ ಬಿಡುತ್ತಿದ್ದರು. ನನ್ನ ಹೆಂಡತಿ ಗುಡಿಸಿ ಕಸದ ಡಬ್ಬಿಗೆ ಹಾಕುತ್ತಿದ್ದಳು. ಬೆಳಿಗ್ಗೆ ಘಂಟೆ ಬಾರಿಸುತ್ತ ಬರುವ ಕಸದ ಗಾಡಿ ಅದನ್ನು ಒಯ್ಯುತ್ತಿತ್ತು. ವಿಷಯ ತಿಳಿದ ದಿನ ಮಗಳು ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಗಾಡಿಯ ಹಿಂದೆ ಓಡಿದಳು. ನಾನೂ ಹೋದೆ.

ಡ್ರೈವರ್ ಗಾಡಿ ನಿಲ್ಲಿಸಿ ಮರಾಠಿಯಲ್ಲಿ ಕೇಳಿದ, "ಏನು ಬಿತ್ತು ತಾಯಿ, ಬಂಗಾರವೇ?"

ಮಗಳು ಕಾರ್ಡಿನ ಕತೆ ಹೇಳಿದಳು. ಅವನು ನಕ್ಕ. "ಓ, ಅವೇ? ನನ್ನ ಹೆಂಡತಿಯ ತಮ್ಮ ಆರಿಸಿ ಒಂದು ಚೀಲ ತುಂಬಿಸಿಟ್ಟಿದ್ದಾನೆ."

"ಕೊಡ್ತಾನಾ?"

"ಕೊಡದೆ ಏನು ಮಾಡ್ತಾನೆ? ನೀರಿದೆ, ಬೆಂಕಿಯಿದೆ, ಒಂದು ಡ್ರ್ಯಾಗನ್ ಸಿಗಲಿಲ್ಲ ಅಂತ ದಿನಾ ನನ್ನ ತಲೆ ತಿಂತಾನೆ."

ಪುಕ್ಕಟೆ

ಒಂದೆರಡು ಡ್ರ್ಯಾಗನ್ ಕೊಟ್ಟು ಚೀಲ ತಂದೆವು. ರಾಶಿ ಬೆಂಕಿ, ರಾಶಿ ಎಲೆ. ನೀರು ತೀರ ಕಡಿಮೆ. ಮಗಳು ನೀರನ್ನು ತೆಗೆದಿಟ್ಟುಕೊಂಡಳು. ಉಳಿದದ್ದನ್ನು ನಾನು ಬಿಸ್ಕೀಟಿನ ಡಬ್ಬಿಗೆ ಸುರಿದು ಕೌಂಟರ್ ಮೇಲಿಟ್ಟು, 'ಪುಕ್ಕಟೆ, ಬೇಕಾದಷ್ಟು ಒಯ್ಯಿರಿ, ನೀರಿದ್ದರೆ ಹಾಕಿ ಹೋಗಿರಿ' ಎಂದು ಬರೆದೆ. ವಾರವಾದರೂ ಯಾರೂ ಮುಟ್ಟಲಿಲ್ಲ. ಒಬ್ಬರಂತೂ ಡಬ್ಬಿ ಮೂಸಿ ನೋಡಿ, "ಹಳೇ ಮಾಲೇನ್ರಿ?" ಅಂದರು.

ವ್ಯಾಪಾರ ನನಗೇನು ನಿನ್ನೆಯದಲ್ಲ. ಚೀಟಿ ಬದಲಿಸಿ, 'ಒಬ್ಬರಿಗೆ ಐದು ಮಾತ್ರ' ಎಂದು ಬರೆದೆ.

ಸಂಜೆಗೆ ಡಬ್ಬಿಯ ತಳ ಕಂಡಿತು. ಎಲ್ಲರಿಗಿಂತ ಮೊದಲು ಬಂದು ಐದು ಎಣಿಸಿಕೊಂಡು ಸೀರೆಯ ಕಪಾಟಿನಲ್ಲಿಟ್ಟವಳು, ಅವನ್ನೇ ದಿನಾ ಗುಡಿಸಿ ಚೆಲ್ಲುತ್ತಿದ್ದ ನನ್ನ ಹೆಂಡತಿ.

ಉಪವಾಸದ ಡ್ರ್ಯಾಗನ್

ಭಾನುವಾರ ಅಂಗಡಿಯಲ್ಲೇ ಟೇಬಲ್ ಹಾಕಿ ಆಡುತ್ತಿದ್ದರು. ಈಗ ಆ ಜಾಗದಲ್ಲಿ ಜೆರಾಕ್ಸ್ ಮಶಿನ್ ಇದೆ. ನೆನಪು ಬಾಡಿಗೆ ಕೊಡುವುದಿಲ್ಲ, ಮಶಿನ್ ಕೊಡುತ್ತದೆ. ಆದರೂ ಭಾನುವಾರ ಅದರ ಗರಗರ ಕೇಳುವಾಗ ಕೈ ತಾನಾಗಿ ಚಹಾದ ಲೋಟ ಎಣಿಸುತ್ತದೆ.

ಅಲ್ಲಿಗೆ ಕಲಬುರಗಿ ಕಡೆಯ ಫಿಟ್ಟರ್ ಒಬ್ಬ ಪಾಳಿ ಮುಗಿಸಿ, ಹೆಲ್ಮೆಟ್ ಸಮೇತ ನೇರ ಬರುತ್ತಿದ್ದ. ಸಾದಾ ಕಾರ್ಡು ಸಾಲದಾದಾಗ ನಾನೇ ಒಂದು ಉಪಾಯ ಹೇಳಿದೆ: ಬೆಂಕಿಗೆ ಶೇಂಗಾ, ಎಲೆಗೆ ಪುಟಾಣಿ, ನೀರಿಗೆ ಬತ್ತಾಸು. ಎಲ್ಲರೂ ಒಪ್ಪಿದರು. ಫಿಟ್ಟರ್ ತನ್ನ ದೊಡ್ಡ ಡ್ರ್ಯಾಗನ್ ಮುಂದೆ ಶೇಂಗಾ ಗುಡ್ಡೆ ಹಾಕಿ, ಮಗಳ ಹಾವನ್ನು ಮುಗಿಸಲು ತೊಡೆ ತಟ್ಟಿದ.

"ಹೊಡೀತೀನಿ ನೋಡವ್ವ ಈಗ."

"ಬೆಂಕಿ ಎಲ್ಲದ ಅಣ್ಣಾ?"

ಟೇಬಲ್ ಮೇಲೆ ಬರೀ ಸಿಪ್ಪೆ. ವಿಚಾರ ಮಾಡುತ್ತ ಮಾಡುತ್ತ ಎಲ್ಲ ತಿಂದುಬಿಟ್ಟಿದ್ದ. "ಹಸಿವಾಗಿತ್ತವ್ವ," ಅಂದ.

ಮಗಳು ಬತ್ತಾಸು ಸರಿಸುತ್ತ ಅಂದಳು, "ಡ್ರ್ಯಾಗನ್ ಉಪವಾಸ, ಮಾಲಕಗ ಊಟ. ಹಿಂಗಾದ್ರ ಯಾರು ದುಡೀತಾರ ಅಣ್ಣಾ?"

ವರ ಕೇಳಿದ್ದು

ಸಂಭಾಜಿನಗರದಿಂದ ಒಂದು ಸಂಬಂಧ ಬಂತು. ಅವರೂ ನಮ್ಮ ಕಡೆಯವರೇ, ಹುಡುಗ ನೌಕರಿಯವ. ಹುಡುಗ ಹುಡುಗಿ ಒಳಗೆ ಕೂತು ಮಾತಾಡಿದರು. ಹೊರಗೆ ಬಂದ ಮೇಲೆ ಹುಡುಗನ ತಾಯಿ ಅಂದರು, "ನಾವೇನೂ ಕೇಳೂ ಮಂದಿ ಅಲ್ರಿ. ಖರೇ ನಮ್ಮ ಹುಡುಗ ಒಂದು ಮಾತು ಹೇಳ್ತಾನಂತ."

ನಾನು ಮನಸ್ಸಿನಲ್ಲೇ ವರದಕ್ಷಿಣೆಯ ಲೆಕ್ಕ ಹಾಕತೊಡಗಿದೆ. ಮೋಟಾರೋ, ಪ್ಲಾಟೋ?

ಹುಡುಗ ತಲೆ ಬಗ್ಗಿಸಿ ಅಂದ, "ನೀರಿನ ಕಾರ್ಡು ಇದ್ರ ಕೂಡಿಸಿ ಇಡ್ರಿ ಮಾವಾ. ನಮ್ಮಲ್ಲಿ ಜೋಡಿ ಆಟ ನಡೀತದ. ಇಬ್ರೂ ಆಡ್ಬೇಕಂತ ಮಾಡೀವಿ."

ಕೈನೆರವಿಗೆ ಬಂದು ತಾಟು ಹಿಡಿದು ನಿಂತಿದ್ದ ಫಿಟ್ಟರ್ ನನ್ನ ಕಿವಿಯಲ್ಲಿ ಉಸುರಿದ, "ಸಾವ್ಕಾರ್ರೇ, ಸಂಭಾಜಿನಗರದ ಮಂದಿ, ನಾಸಿಕದವರು ಡ್ಯಾಮಿನ ನೀರು ಬಿಡೂದಿಲ್ಲ ಅಂತ ಇಷ್ಟು ದಿನ ಜಗಳ ತೆಗೀತಿದ್ರು. ಈಗ ಸಂಬಂಧ ಹಚ್ಚಿ ಒಯ್ಲಿಕ್ಕತ್ಯಾರ ನೋಡ್ರಿ."

ಉಡಿ

ಮದುವೆಯ ತನಕ ಭಾನುವಾರದ ಮಂದಿಯೆಲ್ಲ ತಮ್ಮ ನೀರನ್ನು ಡಬ್ಬಿಗೆ ಹಾಕಿದರು. ಫಿಟ್ಟರ್ ತನ್ನ ಕಟ್ಟು ಒಡೆದು ಕೊಟ್ಟ. ಹೆಂಡತಿ ಕಪಾಟು ತೆಗೆದು ನೋಡಿದಳು. ಅವಳ ಐದು ಕಾರ್ಡಿನ ನಡುವೆ, ಮಗಳ ಕಣ್ಣು ತಪ್ಪಿಸಿಕೊಂಡ ಒಂದು ನೀರಿತ್ತು. ಮಗಳ ಕಟ್ಟು ಕೊನೆಗೂ ಪೂರಾ ಆಯಿತು. ಸಾಮಾನಿನ ಗದ್ದಲದಲ್ಲಿ ಕಳೆದೀತೆಂದು, ಉಡಿ ತುಂಬುವಾಗ ನನ್ನ ಹೆಂಡತಿ ಅಕ್ಕಿ, ಕೊಬ್ಬರಿ, ಅರಿಷಿಣ ಬೇರಿನ ನಡುವೆ ಅದನ್ನೂ ಇಟ್ಟಳು. ಉಡಿಯಲ್ಲಿ ಹೋದದ್ದನ್ನು ಯಾರೂ ಮುಟ್ಟುವುದಿಲ್ಲ ಅಂತ ನಮ್ಮ ನಂಬಿಕೆ.

ಆ ಮನೆಯ ಪದ್ಧತಿ ಬೇರೆ. ಸೊಸೆಯ ಉಡಿಯನ್ನು ಅತ್ತೆ ಬಿಚ್ಚಿ ಓಣಿಯ ಮುತ್ತೈದೆಯರಿಗೆ ಹಂಚಬೇಕು. ಬೀಗತಿ ಬಿಚ್ಚಿದರು. ಅಕ್ಕಿಯೊಳಗಿಂದ ನೀಲಿ ನೀರಿನ ಚಿತ್ರಗಳು ಒಂದರ ಹಿಂದೊಂದು ಬಂದವು.

"ಅಯ್ಯ, ನಾಸಿಕದ ಗಂಗಿ ಪಟ," ಎಂದು, ಗೋದಾವರಿಯ ಚಿತ್ರವೆಂದೇ ತಿಳಿದು, ಕಣ್ಣಿಗೊತ್ತಿಕೊಂಡರು. ದೇವರ ಜಗಲಿಯ ಮೇಲಿಟ್ಟು, ಒಂದೊಂದಕ್ಕೂ ವಿಭೂತಿ ಹಚ್ಚಿ, ಕೊಬ್ಬರಿ ಚೂರಿನ ಸಂಗಡ ಎಲ್ಲರಿಗೂ ಹಂಚಿದರು. ಮೊದಲ ದಿನದ ಸೊಸೆ ಏನು ಬಾಯಿ ಬಿಟ್ಟಾಳು? ಗಂಡನ ಮುಖ ನೋಡಿದಳು. ಅವನು ತಾಯಿಯ ಭಕ್ತಿಗೆ ಹೆದರಿ, ತನ್ನ ಪಾಲಿನದನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡನಂತೆ.

ಜೋಡಿ ಆಟದ ಭಾನುವಾರ ಬಂತು. ಬೆಳಿಗ್ಗೆ ಎದ್ದು ಗಂಡ ಹೆಂಡತಿ ಮನೆ ಮನೆಗೆ ಹೋಗಿ ಕಾರ್ಡು ವಾಪಸ್ ಕೇಳಿದರು. ಮೊದಲ ಮನೆಯವಳೇ ಬಾಗಿಲಿಗೆ ಅಡ್ಡ ನಿಂತಳು.

"ಪಟ ಟಾಕಿಗಿ ಹಚ್ಚೀನವ್ವ. ಹಚ್ಚಿದ ದಿನಾನೇ ನಳ ಬಂತು, ಪಾಳಿ ಇಲ್ಲದಿದ್ರೂ. ಈಗ ಕಿತ್ತು ಕೊಟ್ರ, ನೀರು ನಿಂತ್ರ ನೀ ತುಂಬಿ ಕೊಡ್ತೀ?"

ಸುದ್ದಿ ಅವರಿಗಿಂತ ಮುಂದೆ ಓಡಿತ್ತು. ಓಣಿಯ ಪ್ರತಿ ನೀರಿನ ಟಾಕಿಯ ಮೇಲೂ ಮಗಳ ಕಟ್ಟಿನ ಒಂದೊಂದು ಕಾರ್ಡು ಅಂಟಿ ಕೂತಿತ್ತು. ಒಂದೂ ವಾಪಸ್ ಬರಲಿಲ್ಲ. ಆ ದಿನ ಇಬ್ಬರೂ ಅಳಿಯನ ಪಾಲಿನ ಒಂದೇ ಕಾರ್ಡು, ಉಳಿದದ್ದಕ್ಕೆ ಬತ್ತಾಸು ಇಟ್ಟು ಆಡಿದರಂತೆ. "ಗೆದ್ರೇನವ್ವ?" ಅಂದೆ ಫೋನಿನಲ್ಲಿ. "ಸೋತ್ವಿ ಅಪ್ಪಾ. ಖರೇ ಇವರು ಒಂದು ಬತ್ತಾಸೂ ತಿನ್ನಲಿಲ್ಲ," ಅಂದಳು. ಅಳಿಯ ಸಂಸಾರಸ್ಥ ಅಂತ ನನಗೆ ಅಲ್ಲೇ ಖಾತ್ರಿಯಾಯಿತು.

ಮರುದಿನ ಬೀಗತಿಯ ಫೋನು. "ಬೀಗರೇ, ಆ ಗಂಗಿ ಪಟ ಇನ್ನೊಂದಿಷ್ಟು ಕಳಿಸ್ರಿ. ಕೆಳಗಿನ ಓಣ್ಯಾಗ ಇನ್ನೂ ನೀರು ಬಂದಿಲ್ಲಂತ, ಮಂದಿ ಬಾಗಿಲಿಗಿ ಬಂದು ಕೂತಾರ."

ನಾನು ಡಬ್ಬಿ ತೆಗೆದು ಕೌಂಟರ್ ಮೇಲೆ ಬೋರಲು ಹಾಕಿದೆ. ಒಂದು ಹನಿ ನೀರಿಲ್ಲ, ಗಿರಾಕಿಗಳು ಆಮೇಲೆ ಬಿಟ್ಟುಹೋದ ಬರೀ ಬೆಂಕಿ. ಗಿರಾಕಿ ಕೇಳಿದಾಗ ಇಲ್ಲ ಅಂದು ನನಗೆ ರೂಢಿಯಿಲ್ಲ. ಇದ್ದದ್ದನ್ನೇ ಲಕೋಟೆಗೆ ತುಂಬತೊಡಗಿದೆ.

ಹೆಂಡತಿ ಕಸಬರಿಗೆ ನಿಲ್ಲಿಸಿ ಬಗ್ಗಿ ನೋಡಿದಳು. "ಬೀಗರ ಮನೀಗಿ ಬೆಂಕಿ ಕಳಿಸಬ್ಯಾಡ್ರಿ," ಅಂದಳು. "ಮಗಳು ಅಲ್ಲೇ ಬಾಳಬೇಕು."